ಸುಡದ ಹಡಗುಗಳು: ಹೆರ್ನಾನ್ ಕಾರ್ಟೆಸ್‌ನ ಬದುಕು

ಬೋಧನಾಭ್ಯಾಸದ ಮೂರನೆಯ ವಾರ ನನಗೆ ಒಂಬತ್ತನೇ ತರಗತಿಯಲ್ಲಿ ಪ್ಲವನ ಬಲದ ಪಾಠವಿತ್ತು. ಬಕೆಟ್ಟಿನ ನೀರಿನಲ್ಲಿ ನಿಂಬೆಹಣ್ಣು ತೇಲಿಸಿ, ಕಲ್ಲು ಮುಳುಗಿಸಿ ಪಾಠ ಶುರು ಮಾಡುವುದು ಎಲ್ಲ ಪ್ರಶಿಕ್ಷಣಾರ್ಥಿಗಳೂ ಬರೆಯುವ ಪೀಠಿಕೆ. ನನಗೆ ಅದಕ್ಕಿಂತ ದೊಡ್ಡದೇನಾದರೂ ಬೇಕೆನಿಸಿತು. ಯಾವುದೋ ಪ್ರೇರಣಾ ಭಾಷಣದ ವಿಡಿಯೊದಲ್ಲಿ ಕೇಳಿದ ಕಥೆಯೊಂದು ತಲೆಯಲ್ಲಿತ್ತು. ಸ್ಪೇನಿನ ಕಾರ್ಟೆಸ್ ಎಂಬ ಸೇನಾಪತಿ ಮೆಕ್ಸಿಕೊ ತೀರಕ್ಕೆ ಇಳಿದವನೇ ತನ್ನ ಹಡಗುಗಳಿಗೆಲ್ಲ ಬೆಂಕಿ ಇಟ್ಟ, ಹಿಂದಿರುಗುವ ದಾರಿ ಇಲ್ಲವಾದ್ದರಿಂದ ಸೈನಿಕರು ಪ್ರಾಣದ ಹಂಗು ತೊರೆದು ಹೋರಾಡಿ, ಕೆರೆಯ ನಡುವೆ ಇದ್ದ ಅಜ್ಟೆಕರ ರಾಜಧಾನಿಯನ್ನು ಗೆದ್ದರು ಎಂಬುದು ಆ ಕಥೆ. ಹಡಗು ಬಂದರೆ ತೇಲುವಿಕೆ ಬಂತು, ಜೊತೆಗೆ ಮಕ್ಕಳಿಗೆ ಒಂದಿಷ್ಟು ಹುರುಪೂ ಬಂತು ಎಂದುಕೊಂಡು ಪಾಠಯೋಜನೆಯಲ್ಲಿ ಬರೆದುಕೊಂಡೆ. ತರಗತಿಯಲ್ಲಿ ಕೈ ಬೀಸಿ ಬೀಸಿ ಹೇಳಿಯೂ ಬಿಟ್ಟೆ.

ಮೂರನೆಯ ಬೆಂಚಿನಲ್ಲಿದ್ದ ಹುಡುಗನೊಬ್ಬ ಎದ್ದು ನಿಂತ. ಅವನ ಮನೆ ಅಣೆಕಟ್ಟೆಯ ಹಿನ್ನೀರಿನ ಪಕ್ಕದಲ್ಲಿದೆ, ತಂದೆ ಹರಿಗೋಲಿನಲ್ಲಿ ಹೋಗಿ ಮೀನು ಹಿಡಿಯುತ್ತಾರೆ. ಹಡಗನ್ನೆಲ್ಲ ಸುಟ್ಟ ಮೇಲೆ ನೀರಿನ ಮಧ್ಯದ ಊರಿಗೆ ಹೋದದ್ದು ಹೇಗೆ ಮಿಸ್ ಎಂದು ಕೇಳಿದ. ಏರಿಯ ಮೇಲೆ ರಸ್ತೆ ಇತ್ತು ಎಂದೆ. ಊರಿನವರು ಏರಿಯನ್ನು ಕಡಿದು ಕೂತರೆ ಯಾರೂ ಒಳಗೆ ಬರುವಂತಿಲ್ಲ, ದೋಣಿ ಯಾರ ಹತ್ತಿರ ಇರುತ್ತದೋ ಅವರೇ ಗೆಲ್ಲಬೇಕಲ್ಲವೇ ಎಂದ. ನನ್ನಲ್ಲಿ ಉತ್ತರ ಇರಲಿಲ್ಲ. ಮುಂದಿನ ತರಗತಿಯಲ್ಲಿ ಹೇಳುತ್ತೇನೆ ಎಂದು ಆರ್ಕಿಮಿಡೀಸನ ಕಡೆಗೆ ತಿರುಗಿಕೊಂಡೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಪ್ರಯೋಗ ಚೆನ್ನಾಗಿತ್ತೆಂದೂ ಕಥೆಯ ಆಧಾರವನ್ನು ನೋಡಿಕೊಳ್ಳಬೇಕೆಂದೂ ಬರೆದಿದ್ದರು.

ಆ ಸಂಜೆಯಿಂದ ಕಾರ್ಟೆಸನ ಬದುಕನ್ನು ಓದತೊಡಗಿದೆ. ನಾನು ಓದಿದ್ದು ವಿಜ್ಞಾನ, ಇತಿಹಾಸವಲ್ಲ. ಆದರೆ ಹುಡುಗನ ಪ್ರಶ್ನೆ ಅರ್ಧ ಭೌತಶಾಸ್ತ್ರದ್ದೇ ಆಗಿತ್ತು. ಆದ್ದರಿಂದ ಈ ಜೀವನಚರಿತ್ರೆಯಲ್ಲಿ ಹಡಗುಗಳ ಮಾತು ಜಾಸ್ತಿ, ಮಿಕ್ಕದ್ದು ಕಡಿಮೆ.

ಹೆರ್ನಾನ್ ಕಾರ್ಟೆಸ್ ಹುಟ್ಟಿದ್ದು ಸುಮಾರು 1485ರಲ್ಲಿ, ಸ್ಪೇನಿನ ಎಕ್ಸ್‌ತ್ರೆಮದುರಾ ಪ್ರಾಂತದ ಮೆದೆಲಿನ್ ಎಂಬ ಊರಿನಲ್ಲಿ. ಒಳನಾಡು, ಸಮುದ್ರ ಕಾಣದ ಸೀಮೆ. ಮನೆತನಕ್ಕೆ ಗೌರವವಿತ್ತು, ಹಣವಿರಲಿಲ್ಲ. ವಕೀಲನಾಗಲಿ ಎಂದು ಸಲಮಾಂಕಾಕ್ಕೆ ಓದಲು ಕಳಿಸಿದರೆ ಎರಡು ವರ್ಷಕ್ಕೇ ಬಿಟ್ಟುಬಂದ. ಆದರೂ ಅಲ್ಲಿ ಕಲಿತ ಅಲ್ಪಸ್ವಲ್ಪ ಲ್ಯಾಟಿನ್ ಮತ್ತು ಕಾನೂನು ಅವನನ್ನು ಬದುಕಿನುದ್ದಕ್ಕೂ ಕಾಪಾಡಿತು. ಮೊದಲು ಹತ್ತಬೇಕಿದ್ದ ಹಡಗು ಅವನಿಗೆ ತಪ್ಪಿಹೋಗಿತ್ತು. ರಾತ್ರಿ ಹೊತ್ತು ಒಬ್ಬಳನ್ನು ನೋಡಲು ಗೋಡೆ ಹತ್ತಿ, ಬಿದ್ದು ಪೆಟ್ಟು ಮಾಡಿಕೊಂಡಿದ್ದನಂತೆ. ಅವನ ಚರಿತ್ರೆ ಬರೆದ ಗೋಮಾರಾ ಇದನ್ನು ಹೇಳುತ್ತಾನೆ. ಕೊನೆಗೆ 1504ರಲ್ಲಿ ಅಟ್ಲಾಂಟಿಕ್ ದಾಟಿ ಹಿಸ್ಪಾನಿಯೋಲಾ ದ್ವೀಪಕ್ಕೆ ಬಂದ. 1511ರಲ್ಲಿ ದಿಯೆಗೊ ವೆಲಾಸ್ಕೆಸ್ ಕ್ಯೂಬಾವನ್ನು ವಶಪಡಿಸಿಕೊಳ್ಳಲು ಹೊರಟಾಗ ಜೊತೆಗೆ ಹೋದ, ವೆಲಾಸ್ಕೆಸ್ ಅಲ್ಲಿನ ಗವರ್ನರ್ ಆದಾಗ ಅವನ ಕಾರ್ಯದರ್ಶಿಯಾಗಿ ಕೆಲಸ ಮಾಡಿದ. ಜಮೀನು, ಚಿನ್ನದ ಗಣಿ, ಮದುವೆ ಎಲ್ಲವೂ ಆದವು. ಅಲ್ಲೇ ನಿಂತಿದ್ದರೆ ಇಂದು ಅವನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ.

1517ರಲ್ಲೂ 1518ರಲ್ಲೂ ಕ್ಯೂಬಾದಿಂದ ಪಶ್ಚಿಮಕ್ಕೆ ಹೋದ ಎರಡು ತಂಡಗಳು ಕಲ್ಲಿನ ಕಟ್ಟಡಗಳ, ಚಿನ್ನದ ಸುದ್ದಿ ತಂದವು. ಮೂರನೆಯ ತಂಡಕ್ಕೆ ವೆಲಾಸ್ಕೆಸ್ ಕಾರ್ಟೆಸನನ್ನು ಮುಖಂಡನಾಗಿ ಆರಿಸಿದ. ಆಮೇಲೆ ಸಂಶಯ ಬಂದು ಆ ಅಧಿಕಾರ ಹಿಂತೆಗೆದುಕೊಳ್ಳಲು ನೋಡಿದ. ಕಾರ್ಟೆಸ್ ಅಪ್ಪಣೆಗೆ ಕಾಯದೆ ಹೊರಟುಬಿಟ್ಟ. 1519ರ ಫೆಬ್ರವರಿಯಲ್ಲಿ ಕ್ಯೂಬಾ ಬಿಟ್ಟಾಗ ಅವನ ಬಳಿ 11 ಹಡಗುಗಳು, ಸುಮಾರು 500 ಸೈನಿಕರು, ಸುಮಾರು 100 ನಾವಿಕರು, 16 ಕುದುರೆಗಳು ಮತ್ತು ಕೆಲವು ಫಿರಂಗಿಗಳಿದ್ದವು. ದಾರಿಯಲ್ಲಿ ಅವನಿಗೆ ಎರಡು ಬಾಯಿಗಳು ಸಿಕ್ಕಿದವು. ಒಬ್ಬ ಹೆರೋನಿಮೊ ದೆ ಅಗಿಲಾರ್. 1511ರಲ್ಲಿ ಹಡಗು ಒಡೆದು ಮಾಯಾ ಜನರ ನಡುವೆ ಎಂಟು ವರ್ಷ ಬದುಕಿದ್ದವನು. ಇನ್ನೊಬ್ಬಳು ಮಾಲಿಂಟ್ಸಿನ್. ತಬಾಸ್ಕೊದಲ್ಲಿ ಸೋತವರು ಕಾಣಿಕೆಯಾಗಿ ಕೊಟ್ಟ 20 ಹೆಣ್ಣುಮಕ್ಕಳಲ್ಲಿ ಒಬ್ಬಳು. ಅವಳು ಅಜ್ಟೆಕರ ನಹುವಾತ್ಲ್ ನುಡಿಯಿಂದ ಮಾಯಾ ನುಡಿಗೆ, ಅವನು ಮಾಯಾ ನುಡಿಯಿಂದ ಸ್ಪ್ಯಾನಿಷಿಗೆ. ಮುಂದೆ ಅವಳೇ ಸ್ಪ್ಯಾನಿಷ್ ಕಲಿತಳು. ಅವಳಿಲ್ಲದೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ ಎಂದು ನನಗನಿಸುತ್ತದೆ. ನಾನು ಕೇಳಿದ ಆ ಪ್ರೇರಣಾ ಭಾಷಣದಲ್ಲಿ ಮಾತ್ರ ಅವಳ ಹೆಸರೇ ಇರಲಿಲ್ಲ.

ಏಪ್ರಿಲ್‌ನಲ್ಲಿ ಅವರು ಇಂದಿನ ವೆರಾಕ್ರೂಸ್ ಬಳಿ ಇಳಿದರು. ಇಲ್ಲಿ ಕಾರ್ಟೆಸನ ಕಾನೂನು ಜ್ಞಾನ ಕೆಲಸಕ್ಕೆ ಬಂತು. ಸೈನಿಕರಿಂದಲೇ ಒಂದು ಪಟ್ಟಣವನ್ನು ಕಾಗದದ ಮೇಲೆ ಸ್ಥಾಪಿಸಿ, ಆ ಪಟ್ಟಣದ ಸಭೆಯಿಂದಲೇ ತನ್ನನ್ನು ನಾಯಕನೆಂದು ಆರಿಸಿಕೊಂಡ. ಹಾಗೆ ಮಾಡಿದರೆ ತಾನು ನೇರವಾಗಿ ರಾಜನ ಕೈಕೆಳಗೆ, ವೆಲಾಸ್ಕೆಸನ ಕೈಕೆಳಗಲ್ಲ ಎಂಬುದು ಲೆಕ್ಕ. ಜುಲೈಯಲ್ಲಿ ಸಿಕ್ಕ ಚಿನ್ನವನ್ನೆಲ್ಲ ಒಂದು ಹಡಗಿಗೆ ತುಂಬಿ, ತನ್ನ ಅತ್ಯುತ್ತಮ ಮಾರ್ಗದರ್ಶಿ ನಾವಿಕ ಅಲಾಮಿನೋಸನ ಕೈಗೆ ಕೊಟ್ಟು, ಸ್ಪೇನಿನ ರಾಜ ಚಾರ್ಲ್ಸನ ಬಳಿಗೆ ಕಳಿಸಿದ. ಹಿಂದಿರುಗುವ ದಾರಿಯನ್ನು ಸುಟ್ಟುಬಿಟ್ಟ ಎಂದು ನಾನು ಹೊಗಳಿದ ಮನುಷ್ಯ ಮೊದಲು ಮಾಡಿದ್ದು ಆ ದಾರಿಯಲ್ಲೇ ಒಂದು ಹಡಗನ್ನು ಕಳಿಸುವ ಕೆಲಸ.

ಹಡಗುಗಳ ಗತಿ ತೀರ್ಮಾನವಾದದ್ದು ಅದರ ನಂತರ. ತಂಡದಲ್ಲಿ ವೆಲಾಸ್ಕೆಸನ ಕಡೆಯವರು ಬೇಕಾದಷ್ಟು ಮಂದಿ ಇದ್ದರು. ಅವರಲ್ಲಿ ಕೆಲವರು ಒಂದು ಹಡಗು ಕದ್ದು ಕ್ಯೂಬಾಕ್ಕೆ ಓಡಿ ಸುದ್ದಿ ಕೊಡಲು ಸಂಚು ಮಾಡಿ ಸಿಕ್ಕಿಬಿದ್ದರು. ಇಬ್ಬರನ್ನು ಗಲ್ಲಿಗೇರಿಸಲಾಯಿತು. ಆಮೇಲೆ ಕಾರ್ಟೆಸ್, ಹಡಗುಗಳಿಗೆ ಹುಳು ಹಿಡಿದಿದೆ, ಇನ್ನು ಸಮುದ್ರಕ್ಕೆ ಲಾಯಕ್ಕಿಲ್ಲ ಎಂಬ ಮಾತು ಹುಟ್ಟಿಸಿ ಅವನ್ನು ದಡಕ್ಕೆ ಹಾಯಿಸಿ ಕೆಡವಿಸಿದ. ಬೆಂಕಿಯ ಮಾತು ಅವನು ರಾಜನಿಗೆ ಬರೆದ ಪತ್ರದಲ್ಲಿಲ್ಲ. ಜೊತೆಗಿದ್ದು ಮುಪ್ಪಿನಲ್ಲಿ ನೆನಪುಗಳನ್ನು ಬರೆದ ಬರ್ನಾಲ್ ದಿಯಾಸ್ ಎಂಬ ಸೈನಿಕನೂ ಹಡಗುಗಳನ್ನು ದಡಕ್ಕೆ ಹಾಯಿಸಿದ್ದನ್ನೇ ಹೇಳುತ್ತಾನೆ. ಬೆಂಕಿ ಹಚ್ಚಿದವರು ನಂತರದ ಕಥೆಗಾರರು.

ಕೆಡವುವ ಮೊದಲು ಹಡಗುಗಳಿಂದ ಹಾಯಿ, ಹಗ್ಗ, ಲಂಗರು, ಚುಕ್ಕಾಣಿ, ಕಬ್ಬಿಣದ ಸಾಮಾನು, ಉಪಯೋಗಕ್ಕೆ ಬರುವ ಎಲ್ಲವನ್ನೂ ಬಿಚ್ಚಿ ದಡದಲ್ಲಿ ಜೋಪಾನ ಮಾಡಿಸಿದ್ದ. ನಾವಿಕರಲ್ಲಿ ಸುಮಾರು 100 ಮಂದಿ ಕೆಲಸವಿಲ್ಲದವರಾಗಿ ಸೈನ್ಯ ಸೇರಿದರು. ಇದು ಸರ್ವಸ್ವವನ್ನೂ ಬೆಂಕಿಗೆ ಹಾಕುವ ವೀರನ ಕೆಲಸವಲ್ಲ. ಹಳೆಯ ಮನೆ ಕೆಡವುವಾಗ ಬಾಗಿಲು, ಕಿಟಕಿ, ಮೊಳೆ ಎಲ್ಲವನ್ನೂ ಎಣಿಸಿ ಒಳಗಿಡುವ ಗೃಹಸ್ಥನ ಕೆಲಸ. ನಮ್ಮ ಕೆರೆಯ ಪ್ರಶ್ನೆಗೆ ಉತ್ತರ ಆ ಕಬ್ಬಿಣದ ರಾಶಿಯಲ್ಲೇ ಇತ್ತು.

ಆಗಸ್ಟ್‌ನಲ್ಲಿ ಒಳನಾಡಿಗೆ ಹೊರಟ. ದಾರಿಯಲ್ಲಿ ತ್ಲಶ್ಕಾಲಾ ಎಂಬ ರಾಜ್ಯದವರು ಮೊದಲು ಕಾದಾಡಿ, ನಂತರ ಅವನ ಜೊತೆ ಸೇರಿದರು. ಅಜ್ಟೆಕರಿಗೂ ಅವರಿಗೂ ತಲೆಮಾರುಗಳ ಹಗೆ. ಚೊಲುಲಾದಲ್ಲಿ ನಿರಾಯುಧರ ಕಗ್ಗೊಲೆ ನಡೆಯಿತು. ನವೆಂಬರ್ 8ರಂದು ಅವರು ರಾಜಧಾನಿ ತೆನೊಚ್ಟಿಟ್ಲಾನ್ ತಲುಪಿದಾಗ ಚಕ್ರವರ್ತಿ ಮೊಕ್ಟೆಜುಮಾ ಎದುರುಗೊಂಡ.

ಆ ನಗರವನ್ನು ನಾನು ಕಪ್ಪುಹಲಗೆಯ ಮೇಲೆ ಬರೆಯಬೇಕಾದದ್ದು ಹೀಗಿತ್ತು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ, ಸುತ್ತಲೂ ಬೆಟ್ಟಗಳ ನಡುವೆ ವಿಶಾಲವಾದ, ಆದರೆ ಆಳವಿಲ್ಲದ ತೆಶ್ಕೊಕೊ ಸರೋವರ. ಅದರೊಳಗೆ ದ್ವೀಪದ ಮೇಲೆ ಊರು. ದಡಕ್ಕೆ ಸೇರಿಸುವ ಉದ್ದುದ್ದದ ಏರಿದಾರಿಗಳು, ಅವುಗಳಲ್ಲಿ ಅಲ್ಲಲ್ಲಿ ತೆಗೆದು ಹಾಕಬಹುದಾದ ಮರದ ಸೇತುವೆಗಳು. ಸರೋವರದ ನೀರು ಉಪ್ಪು, ಆದ್ದರಿಂದ ಕುಡಿಯುವ ನೀರು ಚಪುಲ್ತೆಪೆಕ್ ಗುಡ್ಡದ ಬುಗ್ಗೆಗಳಿಂದ ಕಾಲುವೆಯಲ್ಲಿ ಬರಬೇಕು. ಅಜ್ಟೆಕರಲ್ಲಿ ಎತ್ತು, ಕುದುರೆ, ಕತ್ತೆ ಯಾವುದೂ ಇರಲಿಲ್ಲ. ನೆಲದ ಮೇಲೆ ಸರಕು ಸಾಗಬೇಕಾದರೆ ಮನುಷ್ಯನ ಬೆನ್ನೇ ಗತಿ. ಆದರೆ ನೀರಿನ ಮೇಲೆ, ಮರ ಕೊರೆದು ಮಾಡಿದ ಒಂದು ದೋಣಿ ಹತ್ತಾರು ಜನರ ಹೊರೆಯನ್ನು ಒಬ್ಬ ಮನುಷ್ಯನ ಜಲ್ಲೆಗೆ ಸಾಗಿಸುತ್ತದೆ. ಪ್ಲವನ ಬಲದ ಮೇಲೆ ನಿಂತ ನಗರ ಎಂದರೆ ಅದು. ಜೋಳ, ಸೌದೆ, ಹೂವು, ಕಲ್ಲು ಎಲ್ಲವೂ ಸಾವಿರಾರು ದೋಣಿಗಳಲ್ಲಿ ಒಳಬರುತ್ತಿದ್ದವು. ನನ್ನ ವಿದ್ಯಾರ್ಥಿ ಹೇಳಿದ ಮಾತನ್ನು ಅಜ್ಟೆಕರು ಚೆನ್ನಾಗಿ ಬಲ್ಲರು. ಸೇತುವೆ ಎತ್ತಿದರೆ ಒಳಗಿದ್ದವನು ಬಲೆಯಲ್ಲಿದ್ದ ಹಾಗೆ.

ಕಾರ್ಟೆಸನಿಗೂ ಬಂದ ಕೆಲವೇ ದಿನಗಳಲ್ಲಿ ಇದು ಹೊಳೆಯಿತು. ಮೊಕ್ಟೆಜುಮಾನನ್ನು ಸೆರೆಯಲ್ಲಿಟ್ಟುಕೊಂಡ ಮೇಲೆ, ಮಾರ್ಟಿನ್ ಲೊಪೆಜ್ ಎಂಬವನ ಮೇಲ್ವಿಚಾರಣೆಯಲ್ಲಿ ಸರೋವರದಲ್ಲಿ ಓಡಾಡಲು ನಾಲ್ಕು ಬ್ರಿಗಂಟೀನ್‌ಗಳನ್ನು ಕಟ್ಟಿಸಿದ. ಹಾಯಿಯೂ ಹುಟ್ಟೂ ಎರಡೂ ಇರುವ ಸಣ್ಣ ಹಡಗು ಇದು. ತೀರದಲ್ಲಿ ಜೋಪಾನ ಮಾಡಿದ್ದ ಕಬ್ಬಿಣ, ಹಗ್ಗ, ಹಾಯಿ ಮೊದಲ ಬಾರಿಗೆ ಮೇಲೆ ಬಂದವು. ಚಕ್ರವರ್ತಿಯನ್ನು ಅವುಗಳಲ್ಲಿ ಕೂರಿಸಿ ಬೇಟೆಗೆ ಕರೆದೊಯ್ದದ್ದೂ ಉಂಟು. ಹಾಯಿ ಕಂಡಿರದ ಆ ನಾಡಿನ ದೊರೆ ಗಾಳಿಯಿಂದ ಓಡುವ ಹಡಗನ್ನು ಬಹಳ ಮೆಚ್ಚಿದನಂತೆ.

1520ರ ವಸಂತದಲ್ಲಿ ವೆಲಾಸ್ಕೆಸ್ ಕಾರ್ಟೆಸನನ್ನು ಹಿಡಿದು ತರಲು ನಾರ್ವಾಯೆಸ್ ಎಂಬವನನ್ನು ದೊಡ್ಡ ನೌಕಾಪಡೆಯೊಂದಿಗೆ ಕಳಿಸಿದ. ಕಾರ್ಟೆಸ್ ತೀರಕ್ಕೆ ಧಾವಿಸಿ ಮೇ ಕೊನೆಯಲ್ಲಿ ರಾತ್ರೋರಾತ್ರಿ ಅವನನ್ನು ಸೋಲಿಸಿ ಸೆರೆಹಿಡಿದ. ಕಾಲದ ಅಂದಾಜಿಗೆ ಮಕ್ಕಳಿಗೆ ಇದನ್ನು ಹೇಳಬಹುದು. ಅದೇ ತಿಂಗಳಲ್ಲಿ ನಮ್ಮಲ್ಲಿ ಕೃಷ್ಣದೇವರಾಯ ರಾಯಚೂರಿನ ಯುದ್ಧ ಗೆದ್ದಿದ್ದ. ನಾರ್ವಾಯೆಸನ ಸೈನಿಕರು ಬಹುಪಾಲು ಕಾರ್ಟೆಸನ ಕಡೆ ಬಂದರು. ಅವನ ಹಡಗುಗಳ ಹಾಯಿ, ಹಗ್ಗ, ಕಬ್ಬಿಣವೂ ಕಾರ್ಟೆಸನ ಕೈಗೇ ಬಂದವು. ಅದೇ ಹಡಗುಗಳಲ್ಲಿ ಸಿಡುಬೂ ಬಂತು.

ಇತ್ತ ರಾಜಧಾನಿಯಲ್ಲಿ ಕಾರ್ಟೆಸನ ಸಹಚರ ಅಲ್ವರಾದೊ ಹಬ್ಬದ ದಿನ ಕುಣಿಯುತ್ತಿದ್ದವರನ್ನು ಕೊಲ್ಲಿಸಿ ಊರೆಲ್ಲ ದಂಗೆ ಏಳುವಂತೆ ಮಾಡಿದ್ದ. ದಂಗೆಯೆದ್ದ ಅಜ್ಟೆಕರು ಮಾಡಿದ ಕೆಲಸಗಳಲ್ಲಿ ಒಂದು, ಆ ನಾಲ್ಕು ಬ್ರಿಗಂಟೀನ್‌ಗಳನ್ನು ಸುಟ್ಟದ್ದು. ಓದುತ್ತಾ ಇಲ್ಲಿಗೆ ಬಂದಾಗ ನಾನು ಪುಸ್ತಕ ಕೆಳಗಿಟ್ಟೆ. ಹಡಗು ಸುಟ್ಟ ಕಥೆ ಪೂರ್ತಿ ಸುಳ್ಳಲ್ಲ. ಸುಟ್ಟವರು ಬೇರೆ. ಮತ್ತು ಅವರು ಸುಟ್ಟದ್ದು ಸರಿಯಾದ ಲೆಕ್ಕದಿಂದಲೇ. ನೀರು ಮತ್ತೆ ಅವರ ಕೈಗೆ ಬಂತು.

ಮೊಕ್ಟೆಜುಮಾ ಸತ್ತ. ಜೂನ್ 30ರ ರಾತ್ರಿ ಸ್ಪೇನಿನವರು ಪಶ್ಚಿಮದ ಏರಿದಾರಿಯ ಮೇಲೆ ಕದ್ದು ಓಡಲು ನೋಡಿದರು. ಸೇತುವೆಗಳನ್ನು ತೆಗೆದಿರುತ್ತಾರೆಂದು ಗೊತ್ತಿದ್ದುದರಿಂದ ಹೊತ್ತೊಯ್ಯುವ ಮರದ ಸೇತುವೆಯೊಂದನ್ನು ಮಾಡಿಕೊಂಡಿದ್ದರು. ಮೊದಲ ಬಿರುಕಿನಲ್ಲೇ ಅದು ಸಿಕ್ಕಿಕೊಂಡಿತು. ಎರಡೂ ಪಕ್ಕದಿಂದ ದೋಣಿಗಳು ಮುತ್ತಿದವು. ಚಿನ್ನ ಹೊತ್ತವರು ಮೊದಲು ಮುಳುಗಿದರು. ನೂರಾರು ಸ್ಪೇನಿಗರೂ ಅದಕ್ಕಿಂತ ಹೆಚ್ಚು ತ್ಲಶ್ಕಾಲರೂ ಆ ರಾತ್ರಿ ಸತ್ತರು. ನನ್ನ ಹುಡುಗ ಹೇಳಿದ್ದೇ ಅಕ್ಷರಶಃ ನಡೆದಿತ್ತು. ಏರಿಯನ್ನು ಕಡಿದು ಕೂತರು, ದೋಣಿ ಇದ್ದವರು ಗೆದ್ದರು.

ಅಲ್ಲಿಂದ ಮುಂದಿನ ಒಂದು ವರ್ಷವನ್ನು ನಾನು ಎರಡೆರಡು ಸಲ ಓದಿದೆ.

ತ್ಲಶ್ಕಾಲಾಕ್ಕೆ ಹಿಂದೆ ಸರಿದ ಕಾರ್ಟೆಸನ ಜೊತೆ ಉಳಿದವರಲ್ಲಿ ಮಾರ್ಟಿನ್ ಲೊಪೆಜ್ ಇದ್ದ. ಈ ಸಲ ನಾಲ್ಕಲ್ಲ, ಹದಿಮೂರು ಹಡಗುಗಳು. ಆದರೆ ಸರೋವರದ ದಡದಲ್ಲಿ ಕಟ್ಟಲು ಹೊರಟರೆ ಅಜ್ಟೆಕರು ಮತ್ತೆ ಸುಡುವುದು ಖಂಡಿತ. ಹಾಗಾಗಿ ಬೆಟ್ಟಗಳಾಚೆ, ಶತ್ರು ಬರಲಾರದ ತ್ಲಶ್ಕಾಲಾದಲ್ಲೇ ಕಟ್ಟಬೇಕು, ಆಮೇಲೆ ಬಿಚ್ಚಿ ಹೊತ್ತೊಯ್ಯಬೇಕು. ಇಂದು ಮಾಲಿಂಚೆ ಎಂದು ಕರೆಯುವ ಬೆಟ್ಟದ ಇಳಿಜಾರಿನಿಂದ ಮರ ಕಡಿದು ತಂದರು. ಹಲಗೆ ಸಂದಿಗೆ ಹಚ್ಚುವ ರಾಳಕ್ಕೆ ಪೈನ್ ಕಾಡುಗಳಿಗೆ ಜನ ಹೋದರು. ಕಬ್ಬಿಣ, ಲಂಗರು, ಹಗ್ಗ, ಹಾಯಿ ವೆರಾಕ್ರೂಸ್‌ನಿಂದ ಬೆಟ್ಟ ಹತ್ತಿ ಹೆಗಲ ಮೇಲೆ ಬಂದವು. ಜಾಹ್ವಾಪಾನ್ ಎಂಬ ಹೊಳೆಗೆ ಒಡ್ಡು ಕಟ್ಟಿ ನೀರು ನಿಲ್ಲಿಸಿ, ಹಡಗುಗಳನ್ನು ಜೋಡಿಸಿ ತೇಲಿಸಿ ನೋಡಿದರು. ನಾವು ಪ್ರಯೋಗವನ್ನು ತರಗತಿಗೆ ಒಯ್ಯುವ ಮೊದಲು ಪ್ರಯೋಗಾಲಯದಲ್ಲಿ ಒಮ್ಮೆ ಮಾಡಿ ನೋಡುವುದಿಲ್ಲವೇ, ಹಾಗೆ. ತೇಲಿದವು. ಮತ್ತೆ ಬಿಚ್ಚಿದರು.

1521ರ ಆರಂಭದಲ್ಲಿ ಸಾಂಡೊವಾಲ್ ಎಂಬ ಯುವ ನಾಯಕ ಈ ಮರದ ರಾಶಿಯನ್ನು ಸರೋವರದ ಪೂರ್ವ ದಡದ ತೆಶ್ಕೊಕೊ ಪಟ್ಟಣಕ್ಕೆ ತರಲು ಹೋದ. ಕಾರ್ಟೆಸನ ಪತ್ರದ ಪ್ರಕಾರ ಹಲಗೆ ಮತ್ತು ಸಾಮಾನು ಹೊತ್ತವರೇ 8,000ಕ್ಕೂ ಹೆಚ್ಚು ಜನ, ಅವರಿಗೆ ಊಟದ ಸಾಮಾನು ಹೊತ್ತವರು 2,000. ಕಾವಲಿಗೆ ಸಾವಿರಾರು ತ್ಲಶ್ಕಾಲಾ ಯೋಧರು. ಅವರ ಮುಖಂಡ ಚಿಚಿಮೆಕತೆಕುಟ್ಲಿ ಹಲಗೆಗಳ ಜೊತೆ ಮುಂಚೂಣಿಯಲ್ಲಿ ನಡೆಯುತ್ತಿದ್ದ. ಶತ್ರುಗಳ ಗಡಿ ದಾಟಿದ ಮೇಲೆ ಅವನನ್ನು ಹಿಂಭಾಗದ ಕಾವಲಿಗೆ ಹೋಗಲು ಹೇಳಿದರೆ, ಅಪಾಯದ ಜಾಗ ತನ್ನದೇ ಆಗಬೇಕೆಂದು ಮುನಿಸಿಕೊಂಡನಂತೆ. ಮೂರು ದಿನ ನಡೆದು ನಾಲ್ಕನೆಯ ದಿನ ಅವರು ತೆಶ್ಕೊಕೊ ಪ್ರವೇಶಿಸಿದರು. ಮೊದಲ ಮನುಷ್ಯ ಊರ ಬಾಗಿಲು ಹೊಕ್ಕಾಗಿನಿಂದ ಕೊನೆಯವನು ಹೊಕ್ಕುವವರೆಗೆ, ಸಾಲು ಎಲ್ಲೂ ಕಡಿಯದೆ, ಆರು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ತಮಟೆ ಬಾರಿಸುತ್ತಾ, ಗರಿಗಳ ಅಲಂಕಾರ ತೊಟ್ಟು ಬಂದರು. ಆರು ಗಂಟೆ ಎಂದರೆ ನಮ್ಮ ಶಾಲೆಯ ಮೊದಲ ಬೆಲ್ಲಿನಿಂದ ಕೊನೆಯ ಬೆಲ್ಲಿನವರೆಗೆ ಒಂದೇ ಸಾಲು.

ಹಡಗು ನೀರಿನಲ್ಲಿದ್ದಾಗ ಅದರ ಅಷ್ಟೂ ಭಾರವನ್ನು ನೀರು ಹೊರುತ್ತದೆ. ಅದನ್ನು ಮೇಲೆತ್ತಿ ಬಿಚ್ಚಿದರೆ ಭಾರ ಎಲ್ಲಿಗೂ ಹೋಗುವುದಿಲ್ಲ, ಅಷ್ಟನ್ನೂ ಯಾರಾದರೂ ಹೊರಲೇಬೇಕು. ನಾನು ಹೇಳಿದ ಕಥೆಯಲ್ಲಿ ಒಬ್ಬನೇ ಒಬ್ಬ ಮನುಷ್ಯನಿದ್ದ, ಅವನ ಕೈಯಲ್ಲಿ ಪಂಜು ಇತ್ತು. ಈ 8,000 ಹೆಗಲುಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ತೆಶ್ಕೊಕೊ ಪಟ್ಟಣ ನೀರಿನಂಚಿನಿಂದ ಸ್ವಲ್ಪ ದೂರ. ಜೋಡಿಸಿದ ಹಡಗುಗಳು ನೀರು ಸೇರಲು ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕಾಲುವೆ ತೋಡಬೇಕಾಯಿತು. ಇದರಲ್ಲೂ ದಿನಕ್ಕೆ 8,000 ಸ್ಥಳೀಯರು 50 ದಿನ ದುಡಿದರೆಂದು ಕಾರ್ಟೆಸ್ ಬರೆದಿದ್ದಾನೆ. ಸಂಖ್ಯೆಗಳಲ್ಲಿ ಅವನ ಕೈ ಸ್ವಲ್ಪ ಧಾರಾಳ, ಅರ್ಧಕ್ಕೆ ಇಳಿಸಿಕೊಂಡರೂ ಕೆಲಸ ಸಣ್ಣದಲ್ಲ. ಅಷ್ಟರಲ್ಲಿ ಅಜ್ಟೆಕರು ಹಡಗುಗಳಿಗೆ ಬೆಂಕಿ ಹಚ್ಚಲು ಮತ್ತೆ ಮತ್ತೆ ಪ್ರಯತ್ನಿಸಿ ವಿಫಲರಾದರು. ಏಪ್ರಿಲ್ 28ರಂದು ಹಡಗುಗಳು ನೀರಿಗಿಳಿದವು. ಪ್ರತಿಯೊಂದಕ್ಕೂ ಸುಮಾರು 25 ಜನ ಮತ್ತು ಒಂದು ಸಣ್ಣ ಫಿರಂಗಿ. ಹುಟ್ಟು ಹಾಕಲು ಮಾತ್ರ ಯಾರೂ ಸಿದ್ಧರಿರಲಿಲ್ಲ. ತಾವು ಕುಲೀನರು, ಹುಟ್ಟು ಹಾಕುವುದು ತಮ್ಮ ಘನತೆಗೆ ಕುಂದು ಎಂದರು. ಬಂದರು ಊರಿನವರು ಯಾರು, ಮೀನು ಹಿಡಿಯುತ್ತಿದ್ದವರು ಯಾರು ಎಂದು ವಿಚಾರಿಸಿ ಅವರನ್ನು ಬಲವಂತವಾಗಿ ಕೂರಿಸಬೇಕಾಯಿತು ಎಂದು ಬರ್ನಾಲ್ ದಿಯಾಸ್ ಹೇಳುತ್ತಾನೆ. ನನ್ನ ವಿದ್ಯಾರ್ಥಿಯ ತಂದೆ ಅಲ್ಲಿದ್ದಿದ್ದರೆ ಮೊದಲ ಹುಟ್ಟು ಅವರ ಕೈಗೇ ಬರುತ್ತಿತ್ತು.

ಈ ನಡುವೆ ಸಿಡುಬು ರಾಜಧಾನಿಯಲ್ಲಿ ಅಸಂಖ್ಯ ಜನರನ್ನು ಕೊಂದಿತ್ತು. ಮೊಕ್ಟೆಜುಮಾನ ನಂತರ ಬಂದ ಕ್ವಿಟ್ಲಾವಾಕ್ ಅದರಿಂದಲೇ ಸತ್ತ. ಪಟ್ಟಕ್ಕೆ ಬಂದವನು ತರುಣ ಕ್ವಾಟೆಮೊಕ್. ರೋಗ ತ್ಲಶ್ಕಾಲರನ್ನೂ ಬಿಡಲಿಲ್ಲ. ಹಡಗುಗಳಷ್ಟೇ ಗೆದ್ದವು ಎಂದು ಬರೆದರೆ ನಾನು ಇನ್ನೊಂದು ವಿಡಿಯೊ ಮಾಡಿದ ಹಾಗಾಗುತ್ತದೆ.

ಮೇ ಕೊನೆಗೆ ಮುತ್ತಿಗೆ ಶುರುವಾಯಿತು. ಮೊದಲು ಚಪುಲ್ತೆಪೆಕ್‌ನ ನೀರಿನ ಕಾಲುವೆ ಕಡಿದರು. ಮೂರು ಪಡೆಗಳು ಏರಿದಾರಿಗಳ ತುದಿ ಹಿಡಿದವು. ಕಾರ್ಟೆಸ್ ಸ್ವತಃ ಹತ್ತಿದ್ದು ಹಡಗನ್ನು. ಮೊದಲ ಕಾದಾಟದಲ್ಲಿ ನೂರಾರು ದೋಣಿಗಳು ಎದುರಾದವು, ಎರಡೂ ಕಡೆ ಸ್ವಲ್ಪ ಹೊತ್ತು ಸುಮ್ಮನೆ ನಿಂತವು. ಆಗ ದಡದಿಂದ ಗಾಳಿ ಎದ್ದಿತು. ಹಾಯಿ ತುಂಬಿದ ಹಡಗುಗಳು ದೋಣಿಗಳ ಮೇಲೆ ಹಾದು ಅವನ್ನು ಒಡೆಯುತ್ತಾ ನಗರದ ಮನೆಗಳವರೆಗೆ ಅಟ್ಟಿಕೊಂಡು ಹೋದವು. ದೋಣಿಗಿಂತ ಹಡಗು ಎತ್ತರ, ಭಾರ, ವೇಗ ಹೆಚ್ಚು. ತಳ ಮಾತ್ರ ಆಳವಿಲ್ಲದ ಕೆರೆಗೆ ಹೊಂದುವಂತೆ ಮಾಡಿದ್ದು. ಆ ಅಳತೆಯಲ್ಲೇ ಲೊಪೆಜನ ಜಾಣ್ಮೆ ಇದ್ದದ್ದು.

ಅಜ್ಟೆಕರು ಕೈಕಟ್ಟಿ ಕೂರಲಿಲ್ಲ. ನೀರೊಳಗೆ ಮೊನಚು ಗೂಟಗಳನ್ನು ನೆಟ್ಟರು. ಜೊಂಡಿನ ನಡುವೆ ದೊಡ್ಡ ದೋಣಿಗಳನ್ನು ಬಚ್ಚಿಟ್ಟು, ಸರಕು ಸಾಗಿಸುವ ದೋಣಿಯನ್ನು ಮುಂದೆ ಬಿಟ್ಟು, ಬೆನ್ನಟ್ಟಿ ಬಂದ ಹಡಗುಗಳನ್ನು ಗೂಟಕ್ಕೆ ಸಿಕ್ಕಿಸಿ ಮುತ್ತಿದರು. ಹಡಗಿನ ನಾಯಕರೇ ಸತ್ತರು. ಏರಿದಾರಿಯಲ್ಲಿ ಹಗಲು ಸ್ಪೇನಿಗರು ಮುಚ್ಚಿದ ಕಂದಕಗಳನ್ನು ರಾತ್ರಿ ಅವರು ಮತ್ತೆ ತೋಡುತ್ತಿದ್ದರು. ಜೂನ್ ಕೊನೆಯಲ್ಲಿ ಅಂಥ ಒಂದು ಕಂದಕದ ಬಳಿ ಕಾರ್ಟೆಸನೇ ಸೆರೆಯಾಗುವುದರಲ್ಲಿದ್ದ. ಆದರೆ ರಾತ್ರಿ ಹೊತ್ತು ಹಡಗುಗಳು ಕಾವಲು ತಿರುಗತೊಡಗಿದ ಮೇಲೆ ಜೋಳವೂ ನೀರೂ ಒಳಗೆ ಹೋಗುವುದು ನಿಂತಿತು. ಜನ ಹಲ್ಲಿ, ಬೇರು, ಚರ್ಮ ತಿಂದರು. ಉಪ್ಪು ನೀರು ಕುಡಿದರು. ಸಾಮಾನು ಹೊರುವ ದೋಣಿಗಳಿಂದ ಬದುಕಿದ್ದ ನಗರ ದೋಣಿ ನಿಂತದ್ದರಿಂದ ಸತ್ತಿತು.

1521ರ ಆಗಸ್ಟ್ 13ರಂದು ಕ್ವಾಟೆಮೊಕ್ ದೋಣಿಯಲ್ಲಿ ತಪ್ಪಿಸಿಕೊಳ್ಳಲು ಹೊರಟಾಗ ಗಾರ್ಸಿಯಾ ಓಲ್ಗಿನ್ ಎಂಬವನ ಬ್ರಿಗಂಟೀನ್ ಬೆನ್ನಟ್ಟಿ ಹಿಡಿಯಿತು. ಹಿಡಿದ ಕೀರ್ತಿ ಹಡಗಿನವನದೋ ಹಡಗುಗಳ ದಳಪತಿ ಸಾಂಡೊವಾಲನದೋ ಎಂದು ಅವರಿಬ್ಬರೂ ಅಲ್ಲೇ ಜಗಳವಾಡಿದರು. ಚಿನ್ನ ಎಲ್ಲಿದೆ ಎಂದು ಹೇಳಿಸಲು ಆ ತರುಣ ದೊರೆಯ ಪಾದಗಳನ್ನು ಸುಟ್ಟರು. 1525ರಲ್ಲಿ ಕಾರ್ಟೆಸ್ ಅವನನ್ನು ಹೊಂಡುರಾಸಿನ ದಾರಿಯಲ್ಲಿ ಗಲ್ಲಿಗೇರಿಸಿದ. ಅವನ ಬದುಕಿನ ಈ ಪುಟವನ್ನು ಹಾರಿಸಿ ಅವನ ಧೈರ್ಯದ ಬಗ್ಗೆ ಮಕ್ಕಳಿಗೆ ಹೇಳುವುದು ನನ್ನಿಂದ ಇನ್ನು ಆಗದು.

ಉಳಿದ ಬದುಕು ಇಳಿಮುಖ. 1522ರಲ್ಲಿ ಹೊಸ ನಾಡಿನ ಗವರ್ನರ್ ಆದ, ಕೆಲವೇ ವರ್ಷಗಳಲ್ಲಿ ಅಧಿಕಾರ ಕೈಬಿಟ್ಟಿತು, 1529ರಲ್ಲಿ ರಾಜ ಮಾರ್ಕ್ವಿಸ್ ಎಂಬ ಬಿರುದು ಕೊಟ್ಟ. ಮಾರ್ಟಿನ್ ಲೊಪೆಜ್ ತಾನು ಕಟ್ಟಿದ ಹಡಗುಗಳ ಕೂಲಿ ಬರಲಿಲ್ಲವೆಂದು ಕಾರ್ಟೆಸನ ಮೇಲೆ ದಾವೆ ಹೂಡಿದ. ಹಡಗಿನ ಗೀಳು ಮಾತ್ರ ಕಾರ್ಟೆಸನನ್ನು ಬಿಡಲಿಲ್ಲ. ಪೆಸಿಫಿಕ್ ತೀರದ ಜಕಾತುಲಾದಲ್ಲಿ ಹಡಗು ಕಟ್ಟಿಸತೊಡಗಿದ. ಅದಕ್ಕೂ ವೆರಾಕ್ರೂಸ್‌ನಿಂದ ದೇಶದ ಅಡ್ಡಗಲಕ್ಕೆ ಸಾಮಾನು ಹೊತ್ತು ತರಬೇಕು. ಆ ಉಗ್ರಾಣಕ್ಕೆ ನಿಜವಾಗಿಯೂ ಬೆಂಕಿ ಬಿತ್ತು, ಲಂಗರುಗಳು ಮಾತ್ರ ಉಳಿದವು. 1527ರಲ್ಲಿ ಸಾಂಬಾರ ದ್ವೀಪಗಳಿಗೆ ಮೂರು ಹಡಗು ಕಳಿಸಿದ, ಒಂದೇ ಒಂದು ತಲುಪಿತು, ಅದೂ ಹಿಂದಿರುಗಲಿಲ್ಲ. 1535ರಲ್ಲಿ ತಾನೇ ಹೋಗಿ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದಲ್ಲಿ ವಸಾಹತು ಹೂಡಿದ, ಹಸಿವಿನಿಂದ ಅದು ಮುಚ್ಚಿತು. ಅಲ್ಲಿನ ಕೊಲ್ಲಿಗೆ ಕಾರ್ಟೆಸ್ ಸಮುದ್ರ ಎಂಬ ಹೆಸರು ಉಳಿದಿದೆ. 1541ರಲ್ಲಿ ರಾಜ ಚಾರ್ಲ್ಸ್ ಅಲ್ಜೀರ್ಸ್ ಮೇಲೆ ದಂಡೆತ್ತಿ ಹೋದಾಗ ಜೊತೆಗೆ ಹೋದ. ಬಿರುಗಾಳಿಗೆ ನೌಕಾಪಡೆ ಚೂರಾಯಿತು. ಕಾರ್ಟೆಸ್ ಜೀವ ಉಳಿಸಿಕೊಂಡ, ಮೈಮೇಲಿದ್ದ ಪಚ್ಚೆಗಳು ನೀರುಪಾಲಾದವು. ಯುದ್ಧ ಸಮಾಲೋಚನೆಗೆ ಅವನನ್ನು ಯಾರೂ ಕರೆಯಲಿಲ್ಲ. 1547ರ ಡಿಸೆಂಬರ್ 2ರಂದು ಸೆವಿಲ್ ಬಳಿಯ ಹಳ್ಳಿಯಲ್ಲಿ ತೀರಿಕೊಂಡ.

ಮುಂದಿನ ತರಗತಿಯ ಮೊದಲ ಹತ್ತು ನಿಮಿಷ ಇದಕ್ಕೇ ಹೋಯಿತು. ನಾನು ಮೊದಲು ಹೇಳಿದ್ದು ತಪ್ಪೆಂದು ಹೇಳಿ, ಕಪ್ಪುಹಲಗೆಯ ಮೇಲೆ ಕೆರೆ ಬರೆದು, ಏರಿ ಬರೆದು, ಬೆಟ್ಟದಾಚೆಯಿಂದ ಹಲಗೆ ಹೊತ್ತವರ ಸಾಲು ಬರೆದೆ. ಮಕ್ಕಳು ಸಾಲಿನ ಉದ್ದವನ್ನೇ ಲೆಕ್ಕ ಹಾಕತೊಡಗಿದರು. ಹಿನ್ನೀರಿನ ಹುಡುಗನಿಗೆ ಗೆದ್ದ ಸಂತೋಷವೇನೂ ಕಾಣಲಿಲ್ಲ. ಯುದ್ಧ ಮುಗಿದ ಮೇಲೆ ಆ ಹಡಗುಗಳನ್ನು ವಾಪಸ್ ಹೊತ್ತವರು ಯಾರು ಎಂದು ಕೇಳಿದ. ಯಾರೂ ಹೊರಲಿಲ್ಲ, ನೀರಿನಂಚಿನಲ್ಲಿ ಕೋಟೆಯಂಥ ಕೊಟ್ಟಿಗೆ ಕಟ್ಟಿಸಿ ಅಲ್ಲೇ ಇಟ್ಟರು, ಜನ ಮತ್ತೆ ದಂಗೆಯೆದ್ದಾರೆಂಬ ಹೆದರಿಕೆ ಇತ್ತು ಎಂದೆ. ಈಗ ಆ ಕೆರೆ ಎಲ್ಲಿದೆ ಎಂದ. ಬಹುಪಾಲು ಬತ್ತಿಸಿದ್ದಾರೆ, ಅದರ ತಳದ ಮೇಲೆ ಮೆಕ್ಸಿಕೊ ನಗರ ಬೆಳೆದಿದೆ, ಮೆತ್ತನೆಯ ಮಣ್ಣಾದ್ದರಿಂದ ಕಟ್ಟಡಗಳು ವರ್ಷವರ್ಷವೂ ಕುಸಿಯುತ್ತಿವೆ ಎಂದೆ. ಹಾಗಾದರೆ ಅವು ತೇಲುತ್ತಿಲ್ಲ, ಮುಳುಗುತ್ತಿವೆ ಎಂದು ಪಕ್ಕದ ಹುಡುಗಿ ಹೇಳಿದಳು. ನಾನು ಬಕೆಟ್ಟು, ನಿಂಬೆಹಣ್ಣು, ಕಲ್ಲು ಮೇಜಿನ ಮೇಲಿಟ್ಟು ಪಾಠ ಶುರು ಮಾಡಿದೆ.